ಜಿಗಿಯುವ ಅಂಚು, ಬೀಳುವ ನೆಲ

ಘಟ್ಟದ ಅಂಚಿನ ನೆಲಕ್ಕೆ ಕಳೆದ ಎರಡು ದಶಕಗಳಲ್ಲಿ ಹೊಸ ಬೆಲೆ ಬಂದಿದೆ. ಗದ್ದೆಗೂ ತೋಟಕ್ಕೂ ಒದಗದ, ಕರಡ ಕೊಯ್ಯಲು ಮತ್ತು ದನ ಬಿಡಲು ಮಾತ್ರ ಬಳಕೆಯಾಗುತ್ತಿದ್ದ ಬಂಡೆಯ ತುದಿಯನ್ನು ಹಿಂದೆ ಯಾರೂ ಕೇಳುತ್ತಿರಲಿಲ್ಲ. ಈಗ ಆ ತುದಿಯಿಂದ ಕಾಣುವ ಕಣಿವೆಯ ನೋಟವೇ ಮಾರಾಟದ ಸರಕಾಗಿದೆ. ಹೋಂಸ್ಟೇ, ರೆಸಾರ್ಟ್, ಜಿಪ್‌ಲೈನ್ ಎಂದು ಒಂದರ ಹಿಂದೆ ಒಂದು ಯೋಜನೆ ಬೆಟ್ಟ ಹತ್ತುತ್ತಿದೆ. ಪ್ರಪಾತದ ಅಂಚಿನ ಖಾಸಗಿ ಜಮೀನನ್ನು ಬೇಸ್ ಜಂಪಿಂಗ್ ತಾಣವಾಗಿ ಮಾಡುವುದು ಇದೇ ದಾರಿಯ ಮುಂದಿನ ಹೆಜ್ಜೆ. ಇಂತಹ ಪ್ರಸ್ತಾಪ ಊರಿನ ಬಾಗಿಲಿಗೆ ಬಂದು ನಿಂತಾಗ, ಮುಂಗಡದ ಹಣ ಎಣಿಸಿ ಆದಮೇಲೆ, ಯೋಚಿಸಿ ಫಲವಿಲ್ಲ. ಅದಕ್ಕೆ ಮುನ್ನವೇ ಈ ಆಟದ ಸ್ವರೂಪವನ್ನೂ ಅದನ್ನು ಬರಮಾಡಿಕೊಂಡ ಊರುಗಳ ಅನುಭವವನ್ನೂ ತಿಳಿದಿರಬೇಕೆಂಬುದು ಈ ಸಂಪಾದಕೀಯದ ಉದ್ದೇಶ.

ಕಟ್ಟಡ, ಆಂಟೆನಾ ಗೋಪುರ, ಸೇತುವೆ ಮತ್ತು ಭೂಮಿ ಎಂಬ ನಾಲ್ಕು ಅರ್ಥಗಳ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ‘ಬೇಸ್’ ಎಂಬ ಹೆಸರಾಗಿದೆ. ಅಂದರೆ ನಿಂತ ನೆಲೆಯೊಂದರಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವ ಆಟವಿದು. ಅಮೆರಿಕದ ಯೊಸೆಮಿಟಿ ಕಣಿವೆಯ ಎಲ್ ಕ್ಯಾಪಿಟನ್ ಬಂಡೆಯಿಂದ 1978ರಲ್ಲಿ ಧುಮುಕಿದವರನ್ನು ಕಾರ್ಲ್ ಬೋನಿಷ್ ಎಂಬ ಛಾಯಾಗ್ರಾಹಕ ಚಿತ್ರೀಕರಿಸಿದ ಮೇಲೆ ಇದಕ್ಕೆ ಕ್ರೀಡೆಯ ರೂಪ ಬಂತು. ವಿಮಾನದಿಂದ ಧುಮುಕುವವನಿಗೆ ಸಾವಿರಾರು ಮೀಟರ್ ಎತ್ತರವಿರುತ್ತದೆ. ಒಂದು ಪ್ಯಾರಾಚೂಟ್ ಕೈಕೊಟ್ಟರೆ ಎರಡನೆಯದನ್ನು ಬಿಚ್ಚಲು ಸಮಯವಿರುತ್ತದೆ. ಬಂಡೆಯಿಂದ ಧುಮುಕುವವನಿಗೆ ಇರುವುದು ಕೆಲವು ನೂರು ಮೀಟರ್, ಕೆಲವು ಸೆಕೆಂಡು, ಸಾಮಾನ್ಯವಾಗಿ ಒಂದೇ ಪ್ಯಾರಾಚೂಟ್. ಅದು ಸರಿಯಾಗಿಯೇ ಬಿಚ್ಚಿಕೊಂಡರೂ ಬಂಡೆಯ ಕಡೆಗೆ ಮುಖಮಾಡಿ ಬಿಚ್ಚಿಕೊಂಡರೆ ಮನುಷ್ಯ ಬಂಡೆಗೆ ಅಪ್ಪಳಿಸುತ್ತಾನೆ.

ಅಪಾಯದ ಪ್ರಮಾಣವನ್ನು ಊಹೆಯಿಂದ ಹೇಳಬೇಕಾಗಿಲ್ಲ. ನಾರ್ವೆಯ ಶೆರಾಗ್ ಎಂಬ ಸುಮಾರು ಸಾವಿರ ಮೀಟರ್ ಎತ್ತರದ ಬಂಡೆಯಲ್ಲಿ 1995ರಿಂದ 2005ರವರೆಗೆ ನಡೆದ 20,850 ಧುಮುಕುಗಳನ್ನು ವೈದ್ಯರ ತಂಡವೊಂದು ಅಧ್ಯಯನ ಮಾಡಿತು. ಸತ್ತವರು 9 ಜನ. ಅಂದರೆ ಸರಾಸರಿ 2,317 ಧುಮುಕುಗಳಿಗೆ ಒಂದು ಸಾವು. ಈ ಅಂಕಿಯನ್ನು ಎರಡು ಬದಿಯಿಂದ ಓದಬೇಕು. ಜೀವನದಲ್ಲಿ ಹತ್ತು ಬಾರಿ ಧುಮುಕುವವನಿಗೆ ಅದು ದೂರದ ಅಪಾಯದಂತೆ ತೋರಬಹುದು. ಆದರೆ ವರ್ಷಕ್ಕೆ ಎರಡು ಸಾವಿರ ಧುಮುಕುಗಳಿಗೆ ಜಾಗ ಕೊಡುವ ಊರಿಗೆ ಅದೇ ಅಂಕಿ ಹೆಚ್ಚುಕಡಿಮೆ ವರ್ಷಕ್ಕೊಂದು ಹೆಣ. ಸಾಹಸಿ ತನ್ನ ಅಪಾಯವನ್ನು ತಾನೇ ಲೆಕ್ಕ ಹಾಕುತ್ತಾನೆ. ಊರಿನ ಲೆಕ್ಕವನ್ನು ಊರೇ ಹಾಕಿಕೊಳ್ಳಬೇಕು.

ಹೀಗೆ ಲೆಕ್ಕ ಹಾಕಿಕೊಳ್ಳಲೇಬೇಕಾಗಿ ಬಂದ ಊರೆಂದರೆ ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್. ಹಿಮನದಿ ಕೊರೆದ ಈ ಕಣಿವೆಯ ತಳ ಸಪಾಟು. ಎರಡೂ ಬದಿಗೆ ಗೋಡೆಯಂತೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಗಳು. ಅವುಗಳಿಂದ ಧುಮ್ಮಿಕ್ಕುವ ಜಲಪಾತಗಳು. ಸ್ಟಾಬ್‌ಬಾಖ್ ಜಲಪಾತವೊಂದರ ಎತ್ತರವೇ ಸುಮಾರು 300 ಮೀಟರ್. ತಳದ ಹುಲ್ಲುಗಾವಲು ಹಾಲಿಗಾಗಿ ಹಸು ಸಾಕುವ ಸಣ್ಣ ರೈತರದು. ಬಂಡೆಯ ಮೇಲಿನ ಹಳ್ಳಿಗಳಿಗೆ ರೈಲು ಮತ್ತು ಕೇಬಲ್ ಕಾರು ಇರುವುದರಿಂದ ಧುಮುಕುವವನು ಬೆಳಗಿನಿಂದ ಸಂಜೆಯೊಳಗೆ ಹಲವು ಸಲ ಮೇಲೇರಿ ಹಾರಬಲ್ಲ. 1990ರ ದಶಕದಿಂದ ಜಗತ್ತಿನ ಎಲ್ಲೆಡೆಯಿಂದ ಜಂಪರುಗಳು ಅಲ್ಲಿಗೆ ಬರತೊಡಗಿದರು. ಊರು ಅವರನ್ನು ಕರೆದಿರಲಿಲ್ಲ. ತಡೆಯಲು ಹೊರಟರೆ ಕದ್ದು ಹಾರುತ್ತಾರೆ; ಬಿಟ್ಟರೆ ಹೊಲ ಹಾಳಾಗುತ್ತದೆ.

ಹೊಲ ಹಾಳಾಗುವುದೆಂದರೇನು ಎಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಹಿಮದ ನಾಡಿನಲ್ಲಿ ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲೇ ಚಳಿಗಾಲದುದ್ದಕ್ಕೂ ದನಗಳ ಆಹಾರ. ಎದೆಯೆತ್ತರ ಬೆಳೆದ ಹುಲ್ಲಿನ ಮೇಲೆ ಮನುಷ್ಯ ಇಳಿದು, ಬಟ್ಟೆ ಹರಡಿ, ಮಡಿಚಿ, ನೆಟ್ಟಗೆ ರಸ್ತೆಗೆ ನಡೆದುಹೋದರೆ ಅಷ್ಟು ದೂರದ ಹುಲ್ಲು ನೆಲಕ್ಕೆ ಒರಗುತ್ತದೆ. ಒರಗಿದ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಗುವುದಿಲ್ಲ. ಸಿಕ್ಕಿದ್ದು ಮಣ್ಣು ಸೇರಿ ಕೆಡುತ್ತದೆ. ಈ ಸಿಟ್ಟನ್ನು ತಣಿಸಲು ಅಲ್ಲಿನ ಜಂಪರುಗಳ ಸಂಘ ರೈತರೊಡನೆ ಕುಳಿತು ಒಂದು ಒಪ್ಪಂದಕ್ಕೆ ಬಂತು. ಹಾರಲು ಬರುವವನು ಮೊದಲು ಹಣ ಕೊಟ್ಟು ‘ಇಳಿಯುವ ಚೀಟಿ’ ಪಡೆಯಬೇಕು. ಆ ಹಣ ಯಾರ ಹೊಲದಲ್ಲಿ ಇಳಿಯುತ್ತಾರೋ ಆ ರೈತರಿಗೆ. ಎತ್ತರದ ಹುಲ್ಲಿನಲ್ಲಿ ಇಳಿಯಬಾರದು. ಹಾರುವ ಮೊದಲು ಹೆಲಿಕಾಪ್ಟರ್ ನೆಲೆಗೆ ದೂರವಾಣಿ ಮಾಡಿ ಆಕಾಶ ತೆರವಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಈ ವ್ಯವಸ್ಥೆಯಲ್ಲಿ ನಾವು ಕಲಿಯಬೇಕಾದ ಒಂದು ದೊಡ್ಡ ವಿಚಾರವಿದೆ. ಚೀಟಿಯ ಹಣ ಜಿಗಿಯುವ ಅಂಚಿನ ಒಡೆಯನಿಗಲ್ಲ, ಬೀಳುವ ನೆಲದ ಒಡೆಯನಿಗೆ ಸಲ್ಲುತ್ತದೆ. ಪ್ರಪಾತದ ತುದಿ ಒಬ್ಬನ ಪಹಣಿಯಲ್ಲಿರಬಹುದು. ಅಲ್ಲಿಂದ ಹಾರಿದವನು ಇಳಿಯುವುದು ಇನ್ನೊಬ್ಬನ ಜಮೀನಿನಲ್ಲಿ. ತಪ್ಪಿ ಬಿದ್ದರೆ ಹುಡುಕಿ ಹೊತ್ತು ತರುವ ಹೆಗಲು ಊರಿನದು. ಆದ್ದರಿಂದ ‘ನನ್ನ ಜಾಗ, ನನ್ನ ಇಷ್ಟ’ ಎಂಬ ಮಾತು ಬೇರೆ ಹಲವು ವಿಷಯಗಳಲ್ಲಿ ಸಲ್ಲಬಹುದಾದರೂ ಇಲ್ಲಿ ಸಲ್ಲುವುದಿಲ್ಲ. ಇಷ್ಟೆಲ್ಲ ವ್ಯವಸ್ಥೆಯ ನಂತರವೂ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಹತ್ತಾರು ಜಂಪರುಗಳು ಸತ್ತಿದ್ದಾರೆ ಎಂಬುದನ್ನೂ ಮರೆಯಬಾರದು. ಹುಲ್ಲಿನ ನಷ್ಟಕ್ಕೆ ಚೀಟಿಯಿಂದ ಪರಿಹಾರ ಸಿಗುತ್ತದೆ. ಹೊಲದಂಚಿನಲ್ಲಿ ಹೆಣ ಕಂಡ ಮನೆಯವರಿಗೆ ಅಂತಹ ಪರಿಹಾರವಿಲ್ಲ.

ಈಗ ಆ ಕಣಿವೆಯನ್ನು ನಮ್ಮ ಘಟ್ಟದ ಪಕ್ಕದಲ್ಲಿಟ್ಟು ನೋಡೋಣ. ಅಲ್ಲಿ ಬಂಡೆಯ ಬುಡದಲ್ಲಿ ಬಯಲಿದೆ. ನಮ್ಮಲ್ಲಿ ಬಂಡೆಯ ಬುಡದಲ್ಲಿ ಉರುಳಿದ ಕಲ್ಲುಗಳು, ಅದರ ಕೆಳಗೆ ದಟ್ಟ ಕಾಡು, ಅದರಿಂದಾಚೆಗೆ ಹತ್ತು ಹದಿನೈದು ಮೀಟರ್ ಎತ್ತರದ ಅಡಿಕೆ ಮರಗಳ ತೋಟ. ಇಳಿಯುವ ಬಯಲು ಬೇಕೆಂದರೆ ಒಂದೋ ಕಾಡು ಕಡಿಯಬೇಕು, ಇಲ್ಲವೇ ಯಾರದಾದರೂ ಗದ್ದೆಯನ್ನು ಬೀಳು ಬಿಡಿಸಬೇಕು. ಅಲ್ಲಿ ಮೇಲಿನ ಹಳ್ಳಿಗೆ 1891ರಲ್ಲೇ ರೈಲು ಬಂದು ಶತಮಾನ ದಾಟಿದೆ. ನಮ್ಮಲ್ಲಿ ಅಂಚಿನವರೆಗೆ ಜೀಪು ಹೋಗಬೇಕಾದರೂ ಗುಡ್ಡ ಕಡಿದು ಹೊಸ ರಸ್ತೆ ಮಾಡಬೇಕು. ಗುಡ್ಡದ ಬುಡ ಕಡಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಕೊಡಗು ಮತ್ತು 2024ರ ಜುಲೈಯ ಶಿರೂರು ನಮ್ಮ ಕಣ್ಣೆದುರಿಗಿವೆ. ಮಳೆಯನ್ನು ಹಿಡಿದಿಡುವ ತೆಳು ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ ಅಥವಾ ಬಂಡೆ, ಇಳಿಜಾರಿನ ನಡುವೆ ಅಲ್ಲಲ್ಲಿ ಒರತೆ: ಇಂತಹ ನೆಲದಲ್ಲಿ ಅಂಚಿನ ಹುಲ್ಲಿನ ಹೊದಿಕೆ ಕಾಲ್ತುಳಿತಕ್ಕೆ ಸಿಕ್ಕಿ ಕಿತ್ತುಹೋದರೆ ಮುಂದಿನ ಮಳೆಗಾಲದಲ್ಲಿ ಅಲ್ಲಿಂದಲೇ ಕೊರಕಲು ಆರಂಭವಾಗುತ್ತದೆ.

ಗಾಳಿ ಮತ್ತು ಮೋಡದ ಮಾತೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚು ಮಂಜು ಮಳೆಯೊಳಗೆ ಮುಳುಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿದ್ದರೂ ಬಿಸಿಲೇರಿದಂತೆ ಸಮುದ್ರದ ಕಡೆಯ ಗಾಳಿ ಪಶ್ಚಿಮದ ಇಳಿಜಾರನ್ನು ಹತ್ತತೊಡಗುತ್ತದೆ. ಬಂಡೆಗೆ ಎದುರಾಗಿ ಬೀಸುವ ಈ ಗಾಳಿ ಬಿಚ್ಚಿಕೊಂಡ ಪ್ಯಾರಾಚೂಟನ್ನು ಬಂಡೆಯತ್ತಲೇ ತಳ್ಳುತ್ತದೆ. ಹಾಗಾಗಿ ಧುಮುಕಲು ತಕ್ಕ ಕಾಲವೆಂದರೆ ನವೆಂಬರ್‌ನಿಂದ ಮೇವರೆಗಿನ ಬೆಳಗಿನ ಕೆಲವೇ ಗಂಟೆಗಳು. ಈ ತಿಂಗಳುಗಳಲ್ಲಿ ಆ ಬಂಡೆ ಖಾಲಿ ಇರುವುದಿಲ್ಲ.

ಕಂದಾಯ ಇಲಾಖೆಯ ಭಾಷೆಯಲ್ಲಿ ಸಾಗುವಳಿಗೆ ಬಾರದ ಬಂಡೆಗೆ ‘ಖರಾಬು’ ಎಂದು ಹೆಸರು. ಜೇನಿನ ಲೆಕ್ಕದಲ್ಲಿ ಅದಕ್ಕಿಂತ ಫಲವತ್ತಾದ ನೆಲವಿಲ್ಲ. ಹೆಜ್ಜೇನು ಪೆಟ್ಟಿಗೆಯಲ್ಲಿ ಸಾಕಲು ಬಾರದ ಹುಳು. ಎತ್ತರದ ಮರದ ಕೊಂಬೆ ಮತ್ತು ಮನುಷ್ಯ ಮುಟ್ಟಲಾರದ ಬಂಡೆಯ ಮುಖವೇ ಅದರ ಮನೆ. ಮಳೆಗಾಲ ಮುಗಿದ ಮೇಲೆ ಹಿಂಡುಹಿಂಡಾಗಿ ಬಂದು ಹಲ್ಲೆ ಕಟ್ಟಿ, ಕಾಡಿನ ಹೂಗಳು ಮುಗಿಯುವವರೆಗೆ ಇದ್ದು, ಮಳೆ ಬರುವ ಹೊತ್ತಿಗೆ ಮರಳುತ್ತದೆ. ಹೂಮಳೆ ಬಿದ್ದು ಕಾಫಿ ಹೂವು ಬಿಡುವುದೂ ಇದೇ ಅವಧಿಯಲ್ಲಿ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡವಲ್ಲ. ಬೇರೆ ಗಿಡದ ಪರಾಗ ಅದಕ್ಕೆ ಬೇಕು. ಗಾಳಿ ಸ್ವಲ್ಪ ಕೆಲಸ ಮಾಡುತ್ತದೆ, ಉಳಿದದ್ದನ್ನು ಜೇನು ಮಾಡುತ್ತದೆ. ಏಲಕ್ಕಿಯಂತೂ ಜೇನಿಲ್ಲದೆ ಕಾಯಿ ಕಟ್ಟುವುದು ಕಷ್ಟ. ಕೆಳಗಿನ ತೋಟದ ಫಸಲಿನ ಒಂದು ಭಾಗ ಮೇಲಿನ ಬಂಡೆಯ ಹಲ್ಲೆಯಲ್ಲಿ ನಿರ್ಧಾರವಾಗುತ್ತದೆ ಎಂದರೆ ಅದು ಅಲಂಕಾರದ ಮಾತಲ್ಲ. ಆ ಬಂಡೆಯ ಮುಂದೆ ದಿನವೂ ಬಟ್ಟೆಯ ರೆಕ್ಕೆ ಬಿಚ್ಚಿ ಶಬ್ದ ಮಾಡುತ್ತ ಮನುಷ್ಯರು ಬೀಳತೊಡಗಿದರೆ, ಚಿತ್ರ ತೆಗೆಯಲು ಡ್ರೋನ್‌ಗಳು ಹಾರತೊಡಗಿದರೆ ಹೆಜ್ಜೇನು ಎರಡರಲ್ಲಿ ಒಂದು ಮಾಡುತ್ತದೆ: ಎದ್ದು ಬಂದು ಕಚ್ಚುತ್ತದೆ, ಇಲ್ಲವೇ ಜಾಗ ಬಿಟ್ಟು ಹೋಗುತ್ತದೆ. ಮೊದಲನೆಯದು ಹಗ್ಗದಲ್ಲೋ ಪ್ಯಾರಾಚೂಟಿನಲ್ಲೋ ನೇತಾಡುತ್ತಿರುವವನಿಗೆ ಸಾವು. ಎರಡನೆಯದು ತೋಟದವನಿಗೆ ಸದ್ದಿಲ್ಲದ ನಷ್ಟ.

ಹಕ್ಕಿಗಳದೂ ಇದೇ ಕತೆ. ಶಾಹೀನ್ ಎಂದು ಕರೆಯುವ ಡೇಗೆ ಹಕ್ಕಿ ಬೇಸಿಗೆಗೆ ಮುನ್ನ ಬಂಡೆಯ ಗೂಡಿನಲ್ಲಿ ಮರಿ ಮಾಡುತ್ತದೆ. ಉದ್ದ ಕೊಕ್ಕಿನ ರಣಹದ್ದಿಗೆ ಕಡಿದಾದ ಬಂಡೆಯ ಚಾಚು ಬಿಟ್ಟರೆ ಬೇರೆ ಮನೆಯಿಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ. ಗೂಡಿನಿಂದ ಎಬ್ಬಿಸಿದ ತಾಯಿಹಕ್ಕಿ ಮರಳಿ ಬರುವವರೆಗೆ ಮೊಟ್ಟೆಯೂ ಮರಿಯೂ ಬಿಸಿಲಿಗೆ ತೆರೆದಿರುತ್ತವೆ. ಒಂದು ಋತುವಿನಲ್ಲಿ ಹಲವು ಸಲ ಹೀಗಾದರೆ ಆ ವರ್ಷ ಗೂಡು ವ್ಯರ್ಥ.

ಮುಂದಿನ ಪ್ರಶ್ನೆ ಅಂಚಿನ ನೆಲ ನಿಜವಾಗಿಯೂ ಖಾಸಗಿಯೇ ಎಂಬುದು. ಮಲೆನಾಡಿನಲ್ಲಿ ಈ ಪದವನ್ನು ಎಚ್ಚರದಿಂದ ಬಳಸಬೇಕು. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವು ಮೂಲದಲ್ಲಿ ಸೊಪ್ಪು, ಸೌದೆ, ಹುಲ್ಲಿಗಾಗಿ ಸಾಗುವಳಿಯ ಜೊತೆಗೆ ಬಂದ ಸೌಲಭ್ಯಗಳು. ತಲೆಮಾರುಗಳಿಂದ ಅನುಭವಿಸಿದ್ದರಿಂದ ಅವು ನಮ್ಮವೆಂಬ ಭಾವನೆ ಸಹಜವೇ. ಆದರೆ ಸೊಪ್ಪು ತರುವ ಹಕ್ಕು ಪ್ರವೇಶಶುಲ್ಕ ವಸೂಲು ಮಾಡುವ ಹಕ್ಕಾಗುವುದಿಲ್ಲ. ಪಟ್ಟಾ ಜಮೀನೇ ಆದರೂ ಕೃಷಿಯೇತರ ಬಳಕೆಗೆ ಸಾಮಾನ್ಯವಾಗಿ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಬೇಕು. ಗಡಿಕಲ್ಲಿನಿಂದಾಚೆ ಇಳಿಯುವ ಬಂಡೆಯ ಮುಖ ಹೆಚ್ಚಿನ ಕಡೆ ಅರಣ್ಯಕ್ಕೆ ಸೇರಿದ್ದು. ಅಂದರೆ ಮಾಲೀಕ ಮಾರುತ್ತಿರುವುದು ತನ್ನ ನೆಲದ ಮೇಲಿನ ಒಂದು ಹೆಜ್ಜೆಯನ್ನು ಮಾತ್ರ. ಅದರ ನಂತರದ ಎಲ್ಲವೂ ಪರರದು.

ಅಪಘಾತದ ಹೊಣೆಯ ವಿಚಾರವೂ ಇಷ್ಟೇ ಸ್ಪಷ್ಟವಾಗಿದೆ. ನಾರ್ವೆಯ ಟ್ರೋಲ್ ಗೋಡೆ ಎಂಬ ಬೃಹತ್ ಬಂಡೆಯಲ್ಲಿ 1984ರ ಜುಲೈಯಲ್ಲಿ, ಈ ಕ್ರೀಡೆಯ ಜನಕನೆನಿಸಿದ ಕಾರ್ಲ್ ಬೋನಿಷ್ ದಾಖಲೆಯ ಧುಮುಕಿನ ಬೆನ್ನಲ್ಲೇ ಮತ್ತೊಮ್ಮೆ ಧುಮುಕಿ ಸತ್ತ. ಅಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ಕೆಲಸ ರಕ್ಷಕರ ಪ್ರಾಣಕ್ಕೇ ಅಪಾಯವೆಂದು ಕಂಡುಬಂದು 1986ರಲ್ಲಿ ಆ ಬಂಡೆಯಿಂದ ಧುಮುಕುವುದನ್ನು ನಿಷೇಧಿಸಲಾಯಿತು. ಹೆಲಿಕಾಪ್ಟರ್, ನುರಿತ ಪರ್ವತಾರೋಹಿಗಳು, ಹತ್ತಿರದಲ್ಲೇ ಸುಸಜ್ಜಿತ ಆಸ್ಪತ್ರೆ ಎಲ್ಲವೂ ಇದ್ದ ದೇಶದ ತೀರ್ಮಾನವಿದು. ನಮ್ಮಲ್ಲಿ ಕಮರಿಗೆ ಬಿದ್ದವನನ್ನು ತರಲು ಇಳಿಯುವವರು ಊರಿನ ಹುಡುಗರು. ಅವರ ಬಳಿ ಇರುವುದು ಹಗ್ಗ, ಕತ್ತಿ ಮತ್ತು ಬಿದಿರಿಗೆ ಕಟ್ಟಿದ ಕಂಬಳಿ. ಧುಮುಕುವವನು ತನ್ನ ಅಪಾಯವನ್ನು ಒಪ್ಪಿ ಸಹಿ ಹಾಕಿರುತ್ತಾನೆ. ಅವನನ್ನು ಹುಡುಕಿ ಇಳಿಯುವ ಹುಡುಗ ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ.

ಆ ಸಹಿಯ ಬೆಲೆಯೂ ಜಮೀನಿನವರು ತಿಳಿದಷ್ಟಿಲ್ಲ. ‘ನನ್ನ ಜೀವಕ್ಕೆ ನಾನೇ ಹೊಣೆ’ ಎಂಬ ಮುಚ್ಚಳಿಕೆ ನಿರ್ಲಕ್ಷ್ಯದಿಂದಾದ ಸಾವಿನ ಕ್ರಿಮಿನಲ್ ಪ್ರಕರಣವನ್ನು ತಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಅಪರಾಧವೆಂದೇ ಪರಿಗಣಿಸುತ್ತದೆ. ನಮ್ಮ ಗಡಿಯಿಂದ ದೂರವಲ್ಲದ ಗೋವಾದ ಕೇರಿ ಪ್ರಸ್ಥಭೂಮಿಯಲ್ಲಿ 2025ರ ಜನವರಿಯಲ್ಲಿ ಪ್ಯಾರಾಗ್ಲೈಡಿಂಗ್ ವೇಳೆ ಪ್ರವಾಸಿಯೊಬ್ಬರೂ ಹಾರಿಸುತ್ತಿದ್ದವರೂ ಕಂದರಕ್ಕೆ ಬಿದ್ದು ಸತ್ತಾಗ ಪೊಲೀಸರು ಪ್ರಕರಣ ದಾಖಲಿಸಿದ್ದು ಅದನ್ನು ನಡೆಸುತ್ತಿದ್ದ ಸಂಸ್ಥೆಯ ಮಾಲೀಕರ ಮೇಲೆ. ಬೇಸ್ ಜಂಪಿಂಗ್‌ಗೆ ಜಾಗವನ್ನು ಗೇಣಿಗೆ ಕೊಟ್ಟು ಮನೆಯಲ್ಲಿ ಕುಳಿತ ರೈತನ ಹೆಸರೂ ಇಂತಹ ಕಾಗದದಲ್ಲಿ ಬರಬಾರದೆಂದೇನೂ ಇಲ್ಲ.

ಆದಾಯದ ಲೆಕ್ಕಕ್ಕೆ ಬರೋಣ. ಬಂಡೆಯಿಂದ ಹಾರುವ ಮುನ್ನ ವಿಮಾನದಿಂದ ಕನಿಷ್ಠ ಇನ್ನೂರು ಬಾರಿಯಾದರೂ ಹಾರಿ ಪಳಗಿರಬೇಕೆಂಬುದು ಈ ಕ್ರೀಡೆಯವರೇ ಪಾಲಿಸುವ ರೂಢಿ. ಅಷ್ಟು ಪಳಗಿದವರು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಅವರೂ ತಮ್ಮ ಸಾಮಗ್ರಿ ತಾವೇ ತರುತ್ತಾರೆ. ಊರಿನಲ್ಲಿ ಒಂದು ಊಟ, ಒಂದು ಹಾಸಿಗೆ ಬಿಟ್ಟರೆ ಹೆಚ್ಚು ಖರ್ಚು ಮಾಡುವವರಲ್ಲ. ಹಾಗಿದ್ದರೆ ಹಣ ಎಲ್ಲಿಂದ? ಹಾರುವುದನ್ನು ನೋಡಲು ಬರುವವರಿಂದ. ಜಂಪರು ಇಲ್ಲಿ ಜಾಹೀರಾತಿನ ಹಲಗೆ ಮಾತ್ರ. ವ್ಯಾಪಾರ ನಡೆಯುವುದು ವಾರಾಂತ್ಯದ ಕಾರುಗಳು, ಬಾಟಲಿಗಳು, ಕ್ಯಾಂಪ್‌ಫೈರ್ ಮತ್ತು ಧ್ವನಿವರ್ಧಕಗಳ ಮೇಲೆ. ಆ ವ್ಯಾಪಾರದ ಲಾಭ ಬಂಡವಾಳ ಹಾಕಿದವನಿಗೆ. ಒರತೆಗೆ ಸೇರುವ ಕೊಳಚೆ ಕೆಳಗಿನ ಕೇರಿಗೆ.

ಇಷ್ಟು ಹೇಳಿದ ಮಾತ್ರಕ್ಕೆ ಜಾಗ ಕೊಡಲು ಮನಸ್ಸು ಮಾಡುವ ರೈತನನ್ನು ದೂಷಿಸುವುದು ನಮ್ಮ ಇರಾದೆಯಲ್ಲ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಗದ್ದೆಗೆ ಹಂದಿ, ಬಾಳೆಗೆ ಮಂಗ, ಕೆಲಸಕ್ಕೆ ಜನರಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ಇಂತಹ ಮನೆಗೆ ಬಂಡೆಯ ತುದಿಗೆ ವರ್ಷಕ್ಕಿಷ್ಟು ಹಣವೆಂದು ಯಾರಾದರೂ ಹೇಳಿದರೆ ಅದು ಸಾಲದ ಕಂತಿನಂತೆಯೇ ಕಾಣುತ್ತದೆ. ‘ಪರಿಸರ ಉಳಿಸಿ’ ಎಂಬ ನಮ್ಮ ಕರಪತ್ರ ಆ ಕಂತನ್ನು ಕಟ್ಟುವುದಿಲ್ಲ ಎಂಬ ಅವನ ಮಾತಿನಲ್ಲಿ ನ್ಯಾಯವಿದೆ. ಸಾಹಸಪ್ರಿಯ ಯುವಕರನ್ನು ಹುಚ್ಚರೆಂದು ಜರೆಯುವುದೂ ತಪ್ಪು. ಅವರಲ್ಲಿ ಹೆಚ್ಚಿನವರು ಗಾಳಿಯನ್ನೂ ಬಂಡೆಯನ್ನೂ ನಮಗಿಂತ ಸೂಕ್ಷ್ಮವಾಗಿ ಓದಬಲ್ಲವರು. ನಮ್ಮ ವಾದ ವ್ಯಕ್ತಿಗಳ ವಿರುದ್ಧವಲ್ಲ. ಎಲ್ಲರಿಗೂ ತಟ್ಟುವ ತೀರ್ಮಾನವನ್ನು ಇಬ್ಬರ ನಡುವಿನ ಗೇಣಿಪತ್ರದಲ್ಲಿ ಮುಗಿಸಬಾರದು ಎಂಬುದಷ್ಟೇ ನಮ್ಮ ವಾದ.

ಆದ್ದರಿಂದ ಇಂತಹ ಪ್ರಸ್ತಾಪ ಯಾವ ಊರಿಗೆ ಬಂದರೂ ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಬೇಕೆಂದು ನಮ್ಮ ಬಳಗ ಸಲಹೆ ಮಾಡುತ್ತದೆ. ಒಂದು, ಅಂಚಿನ ನೆಲ, ಬಂಡೆಯ ಮುಖ ಮತ್ತು ಇಳಿಯುವ ಜಾಗ ಈ ಮೂರರ ಪಹಣಿ ಮತ್ತು ನಕ್ಷೆ ಏನು ಹೇಳುತ್ತವೆ? ಎರಡು, ಇಳಿಯುವ ನೆಲದವರೂ ಕೆಳಗಿನ ಕೇರಿಯವರೂ ಸೇರಿದ ಗ್ರಾಮಸಭೆಯಲ್ಲಿ ವಿಷಯ ಚರ್ಚೆಯಾಗಿದೆಯೇ? ಮೂರು, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಆ ಬಂಡೆಯ ಹೆಜ್ಜೇನು ಹಲ್ಲೆಗಳನ್ನೂ ಹಕ್ಕಿಗೂಡುಗಳನ್ನೂ ಒಂದು ಪೂರ್ಣ ವರ್ಷ ದಾಖಲಿಸಿದೆಯೇ? ನಾಲ್ಕು, ಹೊಸ ರಸ್ತೆಯಿಲ್ಲದೆ, ಒಂದು ಮರವನ್ನೂ ಕಡಿಯದೆ ಕೆಲಸ ನಡೆಯುವುದೇ? ಐದು, ರಕ್ಷಣೆಗೆ ತರಬೇತಿ ಪಡೆದ ತಂಡ ಮತ್ತು ಊರಿನ ಸ್ವಯಂಸೇವಕರ ವಿಮೆಗೆ ಹಣವನ್ನು ಮೊದಲೇ ಠೇವಣಿ ಇಟ್ಟಿದ್ದಾರೆಯೇ? ಈ ಐದರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಬೇಡವೆನ್ನುವ ಹಕ್ಕು ಊರಿಗಿದೆ, ಬೇಡವೆನ್ನಬೇಕು. ನಮ್ಮ ತಿಳಿವಿನ ಮಟ್ಟಿಗೆ ಪಶ್ಚಿಮದ ಅಂಚಿನ ಬಹುಪಾಲು ಬಂಡೆಗಳು ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಯಲ್ಲೇ ನಿಂತುಬಿಡುತ್ತವೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಬರುವ ನವೆಂಬರ್‌ನಿಂದ ಮೇವರೆಗೆ ನಿಮ್ಮ ಊರಿನ ದೊಡ್ಡ ಬಂಡೆಯನ್ನು ದೂರದಿಂದಲೇ ನೋಡಿ, ತಿಂಗಳಿಗೊಮ್ಮೆ ಹಲ್ಲೆಗಳನ್ನು ಎಣಿಸಿ ಬರೆದಿಡಿ. ಮೊದಲ ಹಲ್ಲೆ ಯಾವ ವಾರ ಕಂಡಿತು, ಕಾಫಿ ಯಾವಾಗ ಹೂ ಬಿಟ್ಟಿತು, ಹಲ್ಲೆಗಳು ಯಾವಾಗ ಖಾಲಿಯಾದವು ಎಂಬುದನ್ನು ಗುರುತು ಹಾಕಿ. ಹಿಂದೆ ಆ ಬಂಡೆಯಲ್ಲಿ ಎಷ್ಟು ಹಲ್ಲೆಗಳಿದ್ದವೆಂದು ಊರಿನ ಹಿರಿಯರನ್ನು, ಜೇನು ಕೀಳುತ್ತಿದ್ದವರನ್ನು ಕೇಳಿ. ಈ ಟಿಪ್ಪಣಿಯನ್ನು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಕೊಡಿ. ಒಂದು ಪ್ರತಿಯನ್ನು ನಮಗೂ ಕಳುಹಿಸಿ. ನಾಳೆ ಯಾರಾದರೂ ಬಂದು ‘ಇದು ಉಪಯೋಗವಿಲ್ಲದ ಖರಾಬು ಬಂಡೆ’ ಎಂದಾಗ ಆ ಹಾಳೆಯನ್ನು ಗ್ರಾಮಸಭೆಯ ಮೇಜಿನ ಮೇಲೆ ಇಡಬಹುದು.